ಎಲ್ಲರ ನೆಲಕ್ಕೆ ಒಡೆಯರು ಯಾರು?



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ದೇವಾಲಯದ ಮೆಟ್ಟಿಲ ಬಳಿ ನನ್ನನ್ನು ನಿಲ್ಲಿಸಿ, ತಮ್ಮ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಅಮೆರಿಕದಲ್ಲಿ ಕೆಲಸದಲ್ಲಿರುವ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಅವರ ಹಿಂದೆ ಕೆಂಪು ಬಂಡೆಯ ದೊಡ್ಡದೊಂದು ಕಮಾನು. ಕಣ್ಣು ಹಾಯಿಸಿದಷ್ಟು ದೂರ ಕಲ್ಲು, ಮರಳು, ಅಲ್ಲಲ್ಲಿ ಕುರುಚಲು ಗಿಡ.

“ಫಾದರ್, ರಜೆ ಸಿಕ್ಕಿದ್ರೆ ಸಾಕು, ಮಕ್ಕಳನ್ನು ಕರ್ಕೊಂಡು ಈ ಬರಡು ಜಾಗಕ್ಕೆ ಓಡ್ತಾನೆ. ಡೇರೆ ಹಾಕಿ ನೆಲದ ಮೇಲೆ ಮಲಗ್ತಾರಂತೆ. ದುಡ್ಡೂ ದಂಡ, ಪೂಜೆಯೂ ತಪ್ಪುತ್ತೆ. ಇದು ಪಾಪ ಅಲ್ವಾ?” ಎಂದರು. ಸ್ವಲ್ಪ ತಡೆದು ಮತ್ತೊಂದು ಪ್ರಶ್ನೆ ಕೇಳಿದರು. “ರಾತ್ರಿ ಹೊತ್ತು ಯಾರಾದ್ರೂ ಬಂದು ಎಬ್ಬಿಸಿದ್ರೆ ಏನಪ್ಪಾ ಮಾಡ್ತೀಯ ಅಂದ್ರೆ, ‘ಅಮ್ಮಾ, ಇದು ಎಲ್ಲರ ಜಾಗ, ಯಾರೂ ಎಬ್ಬಿಸಲ್ಲ’ ಅಂತಾನೆ. ಅವನು ಆ ದೇಶದ ಪ್ರಜೆಯೂ ಅಲ್ಲ. ಎಲ್ಲರ ಜಾಗ ಅಂದ್ರೆ ಏನು ಫಾದರ್? ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅಂತ ತಾನೇ?”

ಮೊದಲ ಪ್ರಶ್ನೆಗೆ ಅಲ್ಲೇ ನಿಂತು ಉತ್ತರ ಕೊಟ್ಟೆ. ಎರಡನೆಯ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಗುರುನಿವಾಸದವರೆಗೂ ಬಂತು. ಈ ವಾರ ಅದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ನಿಮ್ಮಲ್ಲಿ ಹಲವರ ಮಕ್ಕಳೂ ಇಂಥದ್ದೇ ಚಿತ್ರಗಳನ್ನು ಕಳುಹಿಸಿರಬಹುದು.

ಬೈಬಲಿನ ಹೆಸರು ಹೊತ್ತ ಮರುಭೂಮಿ

ಆ ಚಿತ್ರ ತೆಗೆದದ್ದು ಯೂಟಾ ರಾಜ್ಯದ ಮೋವಾಬ್ ಪಟ್ಟಣದ ಬಳಿ. ಹೌದು, ರೂತಳ ತವರೂರಾದ ಮೋವಾಬಿನದೇ ಹೆಸರು. 19ನೇ ಶತಮಾನದಲ್ಲಿ ಅಲ್ಲಿ ಬಂದು ನೆಲೆಸಿದವರು ಬೈಬಲಿನಿಂದ ಹೆಸರುಗಳನ್ನು ಆರಿಸಿಕೊಂಡರು. ಅದೇ ರಾಜ್ಯದ ನೈಋತ್ಯದಲ್ಲಿ ಝಯಾನ್ ಎಂಬ ಕಣಿವೆಯಿದೆ. ಅದು ನಮ್ಮ ಸಿಯೋನ್. ಕೊಲರಾಡೋ ನದಿ ಮತ್ತು ಅದರ ಉಪನದಿಗಳು ಹತ್ತಾರು ಲಕ್ಷ ವರ್ಷ ಹರಿದು ಈ ಸೀಮೆಯ ಬಂಡೆಗಳನ್ನು ಕೊರೆದು ಆಳವಾದ ಕಂದರಗಳನ್ನು ಮಾಡಿವೆ. ಅವುಗಳಲ್ಲಿ ಎಲ್ಲಕ್ಕಿಂತ ಪ್ರಸಿದ್ಧವಾದದ್ದು ನೆರೆಯ ಅರಿಜೋನಾದ ಗ್ರ್ಯಾಂಡ್ ಕ್ಯಾನಿಯನ್. 446 ಕಿ.ಮೀ. ಉದ್ದ, ಕೆಲವೆಡೆ 29 ಕಿ.ಮೀ. ಅಗಲ, ಒಂದೂವರೆ ಕಿ.ಮೀ.ಗೂ ಹೆಚ್ಚು ಆಳ. ಮೋವಾಬಿನ ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ಮಳೆ, ಹಿಮ, ಗಾಳಿಗಳು ಕೆತ್ತಿದ 2000ಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ.

ಯೂಟಾದ ಸುಮಾರು ಮೂರರಲ್ಲಿ ಎರಡು ಪಾಲು ನೆಲ ಖಾಸಗಿಯವರದಲ್ಲ. ಅದು ಅಮೆರಿಕದ ಜನರೆಲ್ಲರ ಪರವಾಗಿ ಅಲ್ಲಿನ ಕೇಂದ್ರ ಸರ್ಕಾರದ ವಶದಲ್ಲಿದೆ. ಒಂದಷ್ಟು ರಾಷ್ಟ್ರೀಯ ಉದ್ಯಾನ, ಒಂದಷ್ಟು ಅರಣ್ಯ. ಉಳಿದ ಬಹುಪಾಲನ್ನು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆ ನೋಡಿಕೊಳ್ಳುತ್ತದೆ. ದೇಶದಾದ್ಯಂತ ಈ ಒಂದು ಇಲಾಖೆಯ ಕೈಯಲ್ಲಿರುವ ನೆಲವೇ ಸುಮಾರು 24.5 ಕೋಟಿ ಎಕರೆ. ನಮ್ಮ ಹಳ್ಳಿಗಳ ಗೋಮಾಳವನ್ನು ನೆನಪಿಸಿಕೊಂಡರೆ ನಿಮಗೆ ಅರ್ಥವಾದೀತು. ಅಲ್ಲಿ ದನ ಮೇಯಿಸಲು ಪರವಾನಗಿ ಉಂಟು, ಗಣಿ ಉಂಟು, ಎಣ್ಣೆ ಬಾವಿ ಉಂಟು. ಜನಸಾಮಾನ್ಯರು ನಡೆದಾಡಲು, ಸೈಕಲ್ ತುಳಿಯಲು, ಬಂಡೆ ಹತ್ತಲು, ನದಿಯಲ್ಲಿ ದೋಣಿ ಬಿಡಲು, ಡೇರೆ ಹಾಕಿ ಮಲಗಲು ಅವಕಾಶವೂ ಉಂಟು. ಹೆಚ್ಚಿನ ಕಡೆ ಒಂದೇ ಜಾಗದಲ್ಲಿ 14 ದಿನಗಳವರೆಗೆ ಡೇರೆ ಹಾಕಬಹುದು. ಬಂದವನು ಯಾವ ಜಾತಿ, ಯಾವ ದೇಶ ಎಂದು ಯಾರೂ ಕೇಳುವುದಿಲ್ಲ.

ರಾತ್ರಿಯ ಆಕಾಶವೂ ಅಲ್ಲಿ ಸಾರ್ವಜನಿಕ ಸ್ವತ್ತೇ. ಯೂಟಾದ ನ್ಯಾಚುರಲ್ ಬ್ರಿಡ್ಜಸ್ ಎಂಬ ತಾಣ ವಿದ್ಯುದ್ದೀಪಗಳ ಹಾವಳಿಯಿಲ್ಲದ ಕತ್ತಲೆಗಾಗಿ 2007ರಲ್ಲಿ ಜಗತ್ತಿನ ಮೊದಲ ಅಂತರರಾಷ್ಟ್ರೀಯ ‘ಕತ್ತಲಾಕಾಶ ಉದ್ಯಾನ’ ಎಂಬ ಮನ್ನಣೆ ಪಡೆಯಿತು. ನಕ್ಷತ್ರಗಳನ್ನು ಎಣಿಸು ನೋಡೋಣ ಎಂದು ದೇವರು ಅಬ್ರಹಾಮನಿಗೆ ಹೇಳಿದ್ದು ಎಂಥ ಆಕಾಶದ ಕೆಳಗೆ ಎಂಬುದು ನಗರದ ಮಕ್ಕಳಿಗೆ ಇಂಥ ಕಡೆಯಲ್ಲಿ ತಿಳಿಯುತ್ತದೆ.

ಆಡುವುದು ಪಾಪವೇ?

ಮೊದಲ ಪ್ರಶ್ನೆಯನ್ನು ಮುಗಿಸಿಬಿಡೋಣ. ದುಡಿಮೆ ಬಿಟ್ಟು ಆಡಲು ಹೋಗುವುದು ಪಾಪವೇ? ಗುರುಮಠದಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದುವಾಗ ನನಗೆ ಆಶ್ಚರ್ಯವಾದ ಒಂದು ಸಂಗತಿಯೆಂದರೆ, ಆ ಮಹಾಪಂಡಿತರು ಆಟದಲ್ಲಿಯೂ ಸದ್ಗುಣವಿರಬಹುದೇ ಎಂದು ಪ್ರಶ್ನೆ ಹಾಕಿಕೊಂಡು, ಹೌದು ಎಂದು ಉತ್ತರ ಕೊಟ್ಟಿರುವುದು. ದೇಹಕ್ಕೆ ನಿದ್ರೆ ಹೇಗೋ ಮನಸ್ಸಿಗೆ ಆಟ ಹಾಗೆ ಎಂಬುದು ಅವರ ವಾದ. ಅಲ್ಲಿ ಅವರು ಮರುಭೂಮಿಯ ತಪಸ್ವಿಗಳ ಸಂಭಾಷಣೆಗಳಿಂದ ಒಂದು ಕಥೆ ಹೇಳುತ್ತಾರೆ. ಶುಭಸಂದೇಶಕರ್ತರಾದ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿರುವುದನ್ನು ಕಂಡು ಕೆಲವರು ಬೇಸರಪಟ್ಟರಂತೆ. ಅವರಲ್ಲೊಬ್ಬನ ಕೈಯಲ್ಲಿ ಬಿಲ್ಲಿತ್ತು. ಬಾಣ ಬಿಡಲು ಸಂತರು ಹೇಳಿದರು, ಅವನು ಬಿಟ್ಟ. ಇನ್ನೊಂದು, ಮತ್ತೊಂದು. ಹೀಗೇ ಬಿಡುತ್ತಲೇ ಇರಬಲ್ಲೆಯಾ ಎಂದು ಕೇಳಿದಾಗ, ಬಿಲ್ಲು ಮುರಿದುಹೋಗುತ್ತದೆ ಎಂದ. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ಬದುಕನ್ನೆಲ್ಲ ತಪಸ್ಸಿಗೆ ಕೊಟ್ಟ ಮರುಭೂಮಿಯ ಸನ್ಯಾಸಿಗಳೇ ಈ ಕಥೆಯನ್ನು ಕಾಪಾಡಿಕೊಂಡು ಬಂದರು ಎಂಬುದನ್ನು ಮರೆಯಬೇಡಿ.

ಸಬ್ಬತ್ ದಿನದ ಕಟ್ಟಳೆಯೂ ಮನೆಯ ಯಜಮಾನನಿಗೆ ಮಾತ್ರ ಕೊಟ್ಟದ್ದಲ್ಲ. ಆಳುಮಗ, ಆಳುಮಗಳು, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ, ಇವರೆಲ್ಲರಿಗೂ ವಿಶ್ರಾಂತಿ ಸಲ್ಲಬೇಕು ಎಂದು ಧರ್ಮಶಾಸ್ತ್ರ ಹೇಳುತ್ತದೆ. ಆದ್ದರಿಂದ ಆ ತಾಯಿಗೆ ಹೇಳಿದೆ, “ಅಮ್ಮಾ, ಹೋಗುವುದು ಪಾಪವಲ್ಲ. ಪೂಜೆ ತಪ್ಪಿಸಲು ಮಾತ್ರ ಅದು ನೆಪವಾಗಬಾರದು. ಮೋವಾಬಿನಲ್ಲೂ ಕಥೋಲಿಕ ದೇವಾಲಯವಿದೆ. ಗ್ರ್ಯಾಂಡ್ ಕ್ಯಾನಿಯನ್ ಉದ್ಯಾನದೊಳಗೇ ಕ್ರಿಸ್ತರಾಜರ ಹೆಸರಿನ ಪ್ರಾರ್ಥನಾಲಯವಿದೆ. ಮಗನಿಗೆ ಹೇಳಿ.”

ಒಂದು ಹಾದಿಯ ಕಥೆ

ಇನ್ನು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನಿಂದ ತಳಕ್ಕೆ ಇಳಿಯುವ ಒಂದೇ ಒಂದು ಹಾದಿಯನ್ನು ಹಿಡಿಯೋಣ. ಅದರ ಹೆಸರು ಬ್ರೈಟ್ ಏಂಜಲ್.

ಕಳೆದ ಶತಮಾನದ ಆರಂಭದಲ್ಲಿ ರಾಲ್ಫ್ ಕ್ಯಾಮರನ್ ಎಂಬ ಉದ್ಯಮಿ ಈ ಹಾದಿಯಲ್ಲಿ ಇಳಿಯುವ ಪ್ರತಿ ಸವಾರನಿಂದ 1 ಡಾಲರ್ ಸುಂಕ ವಸೂಲಿ ಮಾಡುತ್ತಿದ್ದರು. ಗಣಿಗಾರಿಕೆಯ ಹೆಸರಿನಲ್ಲಿ ಆಯಕಟ್ಟಿನ ಜಾಗಗಳನ್ನೂ ತಮ್ಮದೆಂದು ಗುರುತು ಹಾಕಿಕೊಂಡಿದ್ದರು. 1908ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಈ ಕಂದರವನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1919ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು. ಕ್ಯಾಮರನ್ ಸುಪ್ರೀಂ ಕೋರ್ಟಿನವರೆಗೂ ಹೋಗಿ 1920ರಲ್ಲಿ ಸೋತರು. ದೇವರು ಕೊಟ್ಟ ನೋಟಕ್ಕೆ ಒಬ್ಬ ಮನುಷ್ಯ ಬಾಗಿಲು ಹಾಕಿ ಕಾಸು ಕೇಳುವುದು ನಿಂತಿತು. ಇದು ನ್ಯಾಯವೆಂದು ನಿಮಗೂ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಸ್ವಂತ ಆಸ್ತಿ ಇಟ್ಟುಕೊಳ್ಳಲು ಸಂತ ಥಾಮಸರು ಒಪ್ಪುತ್ತಾರೆ. ಆದರೆ ಅದರ ಬಳಕೆಯ ವಿಷಯ ಬಂದಾಗ, ಅದು ನನ್ನೊಬ್ಬನದೇ ಅಲ್ಲ, ಎಲ್ಲರಿಗಾಗಿ ಇರುವಂಥದ್ದು ಎಂಬ ಭಾವ ಇರಬೇಕು ಎನ್ನುತ್ತಾರೆ.

ಆದರೆ ಕಥೆ ಇಲ್ಲಿಗೆ ಮುಗಿಯುವುದಿಲ್ಲ. ಆ ಹಾದಿಯನ್ನು ಮೊದಲು ತುಳಿದವರು ಕ್ಯಾಮರನ್ನರೂ ಅಲ್ಲ, ಸರ್ಕಾರವೂ ಅಲ್ಲ. ಹವಾಸುಪಾಯ್ ಎಂಬ ಮೂಲನಿವಾಸಿಗಳು. ‘ನೀಲಿ-ಹಸಿರು ನೀರಿನ ಜನ’ ಎಂದು ಆ ಹೆಸರಿನ ಅರ್ಥ. ಹಾದಿಯ ನಡುವೆ ಒರತೆಯಿರುವ ಒಂದು ತಂಪು ತಾಣದಲ್ಲಿ ಅವರು ಬೇಸಾಯ ಮಾಡಿಕೊಂಡಿದ್ದರು. 1882ರಲ್ಲಿ ಸರ್ಕಾರ ಈ ಜನರಿಗೆಂದು ಬಿಟ್ಟುಕೊಟ್ಟ ನೆಲ ಕೇವಲ 518 ಎಕರೆ. ಕಂದರ ‘ಎಲ್ಲರ’ ಉದ್ಯಾನವಾದ ಮೇಲೆ, 1928ರಲ್ಲಿ, ಆ ಒರತೆಯ ಬಳಿ ಉಳಿದಿದ್ದ ಕೊನೆಯ ಹವಾಸುಪಾಯ್ ನಿವಾಸಿಯನ್ನೂ ಅಲ್ಲಿಂದ ಹೊರಗೆ ಕಳುಹಿಸಲಾಯಿತು. ನೋಡಿ, ಎಲ್ಲರಿಗೂ ಬಾಗಿಲು ತೆರೆಯಿತು. ಮನೆಯವನೇ ಹೊರಗೆ ಹೋದ.

1975ರ ಒಂದು ಕಾನೂನು ಆ ಜನರಿಗೆ ಸುಮಾರು 1,85,000 ಎಕರೆಯನ್ನು ಹಿಂದಿರುಗಿಸಿತು. 2022ರಲ್ಲಿ ಆ ತಾಣಕ್ಕೆ ‘ಹವಾಸುಪಾಯ್ ಗಾರ್ಡನ್ಸ್’ ಎಂದು ಅಧಿಕೃತವಾಗಿ ಹೆಸರಿಟ್ಟರು. ತಡವಾದ ನ್ಯಾಯ, ಪೂರ್ತಿಯೂ ಅಲ್ಲ. ಆದರೂ ನ್ಯಾಯ.

ಇದನ್ನು ಹೇಳುವಾಗ ನಾವು ಕಥೋಲಿಕರು ಬೇರೆಯವರತ್ತ ಮಾತ್ರ ಬೆರಳು ತೋರಿಸಲಾಗದು. ಹೊಸ ನಾಡುಗಳನ್ನು ‘ಕಂಡುಹಿಡಿದವರಿಗೆ’ ಆ ನೆಲ ಸೇರುತ್ತದೆ ಎಂಬ ವಾದಕ್ಕೆ 15ನೇ ಶತಮಾನದ ಪೋಪರ ಪತ್ರಗಳನ್ನು ಆಧಾರವಾಗಿ ಬಳಸಿಕೊಳ್ಳಲಾಯಿತು. 2023ರ ಮಾರ್ಚ್ 30ರಂದು ವ್ಯಾಟಿಕನ್ ಆ ವಾದವನ್ನು ಬಹಿರಂಗವಾಗಿ ತಿರಸ್ಕರಿಸಿತು. ಪಾಪನಿವೇದನೆ ವ್ಯಕ್ತಿಗಳಿಗೆ ಮಾತ್ರವಲ್ಲ, ಧರ್ಮಸಭೆಗೂ ಬೇಕು.

ಹಾಗಾದರೆ ‘ಎಲ್ಲರೂ’ ಎನ್ನುವಾಗ ಯಾರನ್ನು ಎಣಿಸುತ್ತೇವೆ? ಸಾಮಾನ್ಯವಾಗಿ ಈಗ ಅಲ್ಲಿ ನಿಂತಿರುವ ನಮ್ಮನ್ನು. ಮೊದಲಿದ್ದವರನ್ನು ಬಿಟ್ಟುಬಿಡುತ್ತೇವೆ. ಇನ್ನೂ ಹುಟ್ಟದವರನ್ನೂ ಬಿಟ್ಟುಬಿಡುತ್ತೇವೆ. ದಿವಂಗತ ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ, ನಾವು ಪಡೆದಿರುವ ಭೂಮಿ ಮುಂದೆ ಬರುವವರದ್ದೂ ಹೌದು ಎಂದು ಒತ್ತಿ ಹೇಳಿದ್ದು ಇದಕ್ಕೇ.

ಯಾರೂ ನೋಡದ ಹೆಜ್ಜೆ

ಹೆಚ್ಚು ಜನರಿಗೆ ಸೇರಿದ್ದಕ್ಕೆ ಕಡಿಮೆ ಆರೈಕೆ ಸಿಗುತ್ತದೆ ಎಂದು ಅರಿಸ್ಟಾಟಲ್ ಬಹಳ ಹಿಂದೆಯೇ ಗಮನಿಸಿದ್ದ. 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ ಇದೇ ಮಾತನ್ನು ದೊಡ್ಡದು ಮಾಡಿ, ಎಲ್ಲರಿಗೂ ತೆರೆದ ಹುಲ್ಲುಗಾವಲು ಕೊನೆಗೆ ಹಾಳಾಗಿಯೇ ತೀರುತ್ತದೆ ಎಂದು ಬರೆದರು. ರಾಷ್ಟ್ರೀಯ ಉದ್ಯಾನಗಳನ್ನೂ ಉದಾಹರಣೆಯಾಗಿ ಕೊಟ್ಟರು. ಭಯಕ್ಕೆ ಕಾರಣವಿಲ್ಲದಿಲ್ಲ. ಆರ್ಚಸ್ ಉದ್ಯಾನಕ್ಕೆ 2011ರಲ್ಲಿ ಬಂದವರು ಸುಮಾರು 10 ಲಕ್ಷ, 2021ರಲ್ಲಿ 18 ಲಕ್ಷ.

ಆ ಮರುಭೂಮಿಯಲ್ಲಿ ಇದರ ಪರಿಣಾಮ ಹೇಗಿರುತ್ತದೆ ಎಂಬುದನ್ನು ತಿಳಿಯಲು ಕಾಲ ಕೆಳಗೆ ನೋಡಬೇಕು. ಅಲ್ಲಿನ ಮರಳಿನ ಮೇಲೆ ಕಪ್ಪಗೆ, ಉಬ್ಬುತಗ್ಗಾಗಿ, ಸುಟ್ಟ ಹಪ್ಪಳದಂತೆ ಒಂದು ಪದರ ಹರಡಿರುತ್ತದೆ. ಅದು ಬರೀ ಮಣ್ಣಲ್ಲ, ಜೀವಂತ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿ ಎಲ್ಲ ಸೇರಿ ಮರಳಿನ ಕಣಗಳನ್ನು ನೂಲಿನಂತೆ ಹೆಣೆದು ಹಿಡಿದಿರುತ್ತವೆ. ಗಾಳಿಗೆ ಮಣ್ಣು ಹಾರದಂತೆ ತಡೆಯುವುದು ಅದೇ, ಬಿದ್ದ ಚೂರು ಮಳೆಯನ್ನು ಹಿಡಿದಿಡುವುದು ಅದೇ, ಗಾಳಿಯ ಸಾರಜನಕವನ್ನು ಗಿಡಗಳಿಗೆ ಗೊಬ್ಬರವಾಗಿ ಒದಗಿಸುವುದೂ ಅದೇ. ಒಂದು ಹೆಜ್ಜೆ ಇಟ್ಟರೆ ಅದು ಪುಡಿಯಾಗುತ್ತದೆ. ಮತ್ತೆ ಬೆಳೆಯಲು ವರ್ಷಗಳು, ಎಷ್ಟೋ ವೇಳೆ ದಶಕಗಳೇ ಬೇಕು.

ಇಲ್ಲಿ ನನಗೆ ನೈತಿಕ ಪ್ರಶ್ನೆಯ ತಿರುಳು ಕಾಣುತ್ತದೆ. ಚಿತ್ರ ತೆಗೆಯಲು ಹಾದಿ ಬಿಟ್ಟು ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದವನಿಗೆ ಕೆಟ್ಟ ಉದ್ದೇಶವಿಲ್ಲ. ಯಾರೂ ನೋಡುತ್ತಿಲ್ಲ. ನಾನೊಬ್ಬ ತುಳಿದರೆ ಏನಾದೀತು ಎಂದು ಅವನು ಯೋಚಿಸಿಯೂ ಇಲ್ಲ. ಹನಿ ಹನಿ ಗೂಡಿದರೆ ಹಳ್ಳ ಎಂದು ನಾವು ಉಳಿತಾಯಕ್ಕೆ ಹೇಳುತ್ತೇವೆ. ಹಾಳುಗೆಡಹುವುದಕ್ಕೂ ಆ ಮಾತು ಅಷ್ಟೇ ನಿಜ. ಪೂಜೆಯ ಆರಂಭದಲ್ಲಿ ನಾವು ಎದೆ ಬಡಿದುಕೊಂಡು ಒಪ್ಪಿಕೊಳ್ಳುವುದು ಮಾಡಿದ ಪಾಪಗಳನ್ನು ಮಾತ್ರವಲ್ಲ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟದ್ದನ್ನೂ ಸಹ. ಗಮನ ಕೊಡದಿರುವುದು ಆ ಎರಡನೆಯ ಪಟ್ಟಿಗೆ ಸೇರುತ್ತದೆ.

ಇನ್ನು ಕೆಲವು ಹೆಜ್ಜೆಗಳು ಗೊತ್ತಿದ್ದೇ ಇಟ್ಟವು. 2013ರಲ್ಲಿ ಯೂಟಾದ ಗಾಬ್ಲಿನ್ ವ್ಯಾಲಿಯಲ್ಲಿ ಸ್ಕೌಟ್ ಮಕ್ಕಳನ್ನು ಕರೆತಂದಿದ್ದ ಹಿರಿಯರೇ ಯುಗಯುಗಗಳಿಂದ ನಿಂತಿದ್ದ ಬಂಡೆಗಂಬವೊಂದನ್ನು ತಳ್ಳಿ ಉರುಳಿಸಿ, ಕೇಕೆ ಹಾಕಿ, ಅದನ್ನು ಚಿತ್ರೀಕರಿಸಿದರು. ಮಕ್ಕಳ ಮೇಲೆ ಬಿದ್ದೀತೆಂದು ಉರುಳಿಸಿದೆವು ಎಂದು ಆಮೇಲೆ ಸಮರ್ಥನೆ ಕೊಟ್ಟರು. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. 2021ರಲ್ಲಿ ಮೋವಾಬಿನ ಬಳಿ, ಮೂಲನಿವಾಸಿಗಳ ಪೂರ್ವಿಕರು ಕೊರೆದ ಪ್ರಾಚೀನ ಚಿತ್ರಗಳಿದ್ದ ಬಂಡೆಯ ಮೇಲೆ ಯಾರೋ ಜನಾಂಗದ್ವೇಷದ ಮಾತುಗಳನ್ನು ಗೀಚಿ ಹೋದರು. ‘ಎಲ್ಲರದ್ದು’ ಎಂಬುದನ್ನು ‘ನನಗೆ ಬೇಕಾದ ಹಾಗೆ’ ಎಂದು ಓದಿದರೆ ಆಗುವುದು ಹೀಗೆ.

ಆದರೂ ಹಾರ್ಡಿನ್ ಹೇಳಿದ್ದು ಪೂರ್ಣ ಸತ್ಯವಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಮೀನುಗಾರರು, ನೀರಾವರಿ ರೈತರು, ಹುಲ್ಲುಗಾವಲಿನ ಜನ ಇವರನ್ನು ಅಧ್ಯಯನ ಮಾಡಿ, ಬಳಸುವವರೇ ಕೂತು ಕಟ್ಟಳೆ ಮಾಡಿಕೊಂಡು ಒಬ್ಬರನ್ನೊಬ್ಬರು ಗಮನಿಸಿಕೊಂಡಲ್ಲಿ ಎಲ್ಲರ ಸ್ವತ್ತು ತಲೆಮಾರುಗಳವರೆಗೆ ಉಳಿಯುತ್ತದೆ ಎಂದು ತೋರಿಸಿದರು. ಪಾಪವೇ ಕೊನೆಯ ಮಾತಲ್ಲ ಎಂದು ನಂಬುವ ನಮಗೆ ಇದು ಹೊಸದೇನಲ್ಲ.

ಅತಿಥಿಯ ಧರ್ಮ

ನೆಲ ನನ್ನದು, ನೀವು ನನ್ನ ಬಳಿ ಬಂದು ತಂಗಿರುವ ಪರದೇಶಿಗಳು, ಅತಿಥಿಗಳು ಎಂಬರ್ಥದ ಮಾತನ್ನು ದೇವರು ಯಾಜಕಕಾಂಡದ 25ನೇ ಅಧ್ಯಾಯದಲ್ಲಿ ಇಸ್ರಯೇಲರಿಗೆ ಹೇಳುತ್ತಾರೆ. ಆ ತಾಯಿಯ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದೇ. ಎಲ್ಲರ ನೆಲಕ್ಕೆ ಒಡೆಯನಿಲ್ಲ ಎಂದಲ್ಲ. ಒಡೆಯನಿದ್ದಾನೆ, ಉಳಿದ ನಾವೆಲ್ಲರೂ ಅತಿಥಿಗಳು. ಆ ದೇಶದ ಪ್ರಜೆಯೂ ಅತಿಥಿ, ನಮ್ಮೂರಿನ ಹುಡುಗನೂ ಅತಿಥಿ. ಮೋವಾಬಿನ ರೂತಳು ಬೋವಜನ ಹೊಲದಲ್ಲಿ ತೆನೆ ಆಯ್ದಳು. ಪರದೇಶದವಳಾದರೂ ಅಲ್ಲಿ ಆಯುವ ಹಕ್ಕು ಅವಳಿಗಿತ್ತು, ಏಕೆಂದರೆ ಹೊಲದ ಅಂಚನ್ನು ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ದೇವರ ಕಟ್ಟಳೆ. ಆದರೆ ಅವಳು ಹೊಲವನ್ನು ತುಳಿದು ಹಾಳು ಮಾಡಲಿಲ್ಲ.

ಅತಿಥಿಯಾಗಿರುವುದನ್ನು ಅದೇ ಕಂದರಸೀಮೆಯಲ್ಲಿ ಕಷ್ಟಪಟ್ಟು ಕಲಿತ ಇಬ್ಬರು ಗುರುಗಳಿದ್ದರು. ಫ್ರಾನ್ಸಿಸ್ಕನ್ ಸಭೆಯ ಡೊಮಿಂಗೆಝ್ ಮತ್ತು ಎಸ್ಕಲಾಂಟೆ 1776ರ ಜುಲೈನಲ್ಲಿ ಸಾಂತಾ ಫೆಯಿಂದ ಕ್ಯಾಲಿಫೋರ್ನಿಯಾಗೆ ದಾರಿ ಹುಡುಕುತ್ತಾ ಹೊರಟರು. ಹಿಮ ಬಿತ್ತು, ಆಹಾರ ಮುಗಿಯಿತು, ತಂಡದಲ್ಲಿ ಒಡಕು ಬಂತು. ಮುಂದೆ ಹೋಗುವುದೋ ಹಿಂದಿರುಗುವುದೋ ಎಂದು ಅಕ್ಟೋಬರಿನಲ್ಲಿ ಚೀಟಿ ಎತ್ತಿದರು, ಹಿಂದಿರುಗುವುದೆಂದೇ ಬಂತು. ಕುದುರೆಗಳನ್ನು ಕೊಂದು ತಿನ್ನಬೇಕಾಯಿತು. ಕೊನೆಗೆ ನವೆಂಬರ್ 7ರಂದು ಬಂಡೆಯಲ್ಲಿ ಮೆಟ್ಟಿಲು ಕಡಿದು ಕೊಲರಾಡೋ ನದಿಯನ್ನು ದಾಟಿದರು. ದಾರಿಯುದ್ದಕ್ಕೂ ಅವರಿಗೆ ದಿಕ್ಕು ತೋರಿಸಿದವರೂ ಊಟ ಕೊಟ್ಟವರೂ ಮೂಲನಿವಾಸಿಗಳೇ. ‘ಗುರುಗಳು ದಾಟಿದ ಕಡವು’ ಎಂದು ಹೆಸರಾದ ಆ ಜಾಗ 1963ರಲ್ಲಿ ಮುಚ್ಚಿದ ಅಣೆಕಟ್ಟಿನ ನೀರಿನಡಿ ಈಗ ಮುಳುಗಿದೆ.

ಇಂದಿಗೂ ಅಲ್ಲಿ ಚೀಟಿ ಎತ್ತುತ್ತಾರೆ ಎಂದರೆ ನಿಮಗೆ ನಗು ಬಂದೀತು. ಝಯಾನ್ ಉದ್ಯಾನದ ‘ಏಂಜಲ್ಸ್ ಲ್ಯಾಂಡಿಂಗ್’ ಎಂಬ ಕಡಿದಾದ ಶಿಖರ ಹತ್ತಲು 2022ರ ಏಪ್ರಿಲ್‌ನಿಂದ ಲಾಟರಿಯಲ್ಲಿ ಪರವಾನಗಿ ಪಡೆಯಬೇಕೆಂಬ ನಿಯಮ ಬಂತು. ಯೂದಸನ ಸ್ಥಾನಕ್ಕೆ ಮತ್ತೀಯನನ್ನು ಆರಿಸಿದ್ದೂ ಚೀಟಿಯಿಂದಲೇ ಅಲ್ಲವೇ? ಚೀಟಿಯ ಮುಂದೆ ಮಂತ್ರಿಯೂ ಒಂದೇ, ಮಾಲಿಯೂ ಒಂದೇ. ಹೆಸರು ಬಾರದಿದ್ದರೆ ಮುನಿಸಿಕೊಳ್ಳದೆ ಬೇರೆ ಹಾದಿ ಹಿಡಿಯುವುದೂ ಒಂದು ತಪಸ್ಸು.

ಇನ್ನೊಂದು ನಿಯಮವನ್ನು ಹೇಳಲು ಸಂಕೋಚವೇ ಆಗುತ್ತದೆ. ಗ್ರ್ಯಾಂಡ್ ಕ್ಯಾನಿಯನ್ನಿನ ತಳದಲ್ಲಿ ದಿನಗಟ್ಟಲೆ ದೋಣಿಯಾನ ಮಾಡುವವರು ತಮ್ಮ ಕಸವನ್ನು ಮಾತ್ರವಲ್ಲ, ಮಲವನ್ನೂ ಡಬ್ಬಿಯಲ್ಲಿ ತುಂಬಿಕೊಂಡು ಹೊರಗೆ ತರಬೇಕು. ಒಣ ನೆಲದಲ್ಲಿ ಅದು ಬೇಗ ಕೊಳೆತು ಮಣ್ಣಾಗುವುದಿಲ್ಲ. ಅಸಹ್ಯ ಎನ್ನುತ್ತೀರಾ? ಧರ್ಮೋಪದೇಶಕಾಂಡದ 23ನೇ ಅಧ್ಯಾಯ ತೆರೆದು ನೋಡಿ. ಮರುಭೂಮಿ ದಾಟಿ ಬಂದ ಜನರಿಗೆ, ಪಾಳೆಯದ ಹೊರಗೆ ಹೋಗಿ ಗುಂಡಿ ತೋಡಿ ಮುಚ್ಚಬೇಕೆಂದು ಮೋಶೆ ಕಟ್ಟಳೆ ಕೊಡುತ್ತಾನೆ. ಕಾರಣವೇನು ಗೊತ್ತೇ? ದೇವರು ನಿಮ್ಮ ಪಾಳೆಯದ ನಡುವೆ ನಡೆದಾಡುತ್ತಾರೆ ಎಂಬುದು. ನಾವು ಬಿಟ್ಟುಬಂದ ಜಾಗದಲ್ಲಿ ನಮ್ಮ ನಂತರವೂ ದೇವರು ನಡೆದಾಡುತ್ತಾರೆ, ಇನ್ನೊಬ್ಬರ ಮಕ್ಕಳೂ ನಡೆದಾಡುತ್ತಾರೆ.

ಎರಡು ವಾರ ಕಳೆದು ಆ ತಾಯಿಗೆ ಇಷ್ಟನ್ನೂ ಹೇಳಿದೆ. “ಮುಂದಿನ ಸಲ ಮಗ ಫೋನ್ ಮಾಡಿದಾಗ ಎಷ್ಟು ಖರ್ಚಾಯಿತು ಎಂದು ಕೇಳಬೇಡಿ. ಎಲ್ಲಿ ಕಾಲಿಟ್ಟೆ, ಏನು ಬಿಟ್ಟು ಬಂದೆ ಎಂದು ಕೇಳಿ” ಎಂದೆ. ಅವರು ಕೇಳಿದ್ದಾರೆ. ಫೋನ್ ಎತ್ತಿಕೊಂಡದ್ದು ಎಂಟು ವರ್ಷದ ಮೊಮ್ಮಗಳಂತೆ. “ಅಜ್ಜಿ, ಆ ಫೋಟೋ ತೆಗೆಯೋವಾಗ ಅಪ್ಪ ಕರಿ ಮಣ್ಣಿನ ಮೇಲೆ ಕಾಲಿಟ್ಟುಬಿಟ್ರು. ಅದಕ್ಕೆ ಜೀವ ಇದೆ ಅಂತ ನಾನೇ ಬೈದೆ. ಸಾರಿ ಹೇಳಿದ್ರು” ಎಂದಳಂತೆ.

ಪ್ರಿಯ ಓದುಗರೇ, ನಮ್ಮಲ್ಲಿ ಹೆಚ್ಚಿನವರು ಆ ಕಂದರಗಳನ್ನು ಕಾಣಲಿಕ್ಕಿಲ್ಲ. ಆದರೆ ಎಲ್ಲರದ್ದು ಎನ್ನುವಂಥದ್ದು ನಮಗೂ ಇದೆ. ಕೆರೆಯ ಏರಿ, ರಸ್ತೆಯ ಬದಿ, ಧರ್ಮಕೇಂದ್ರದ ಸ್ಮಶಾನ. ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಮಕ್ಕಳೊಂದಿಗೆ ಕುಳಿತು ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರೂ ನೋಡದಿರುವಾಗ ನಮ್ಮ ಕಾಲು ಎಲ್ಲಿ ಬೀಳುತ್ತದೆ? ಉತ್ತರವನ್ನು ಮಕ್ಕಳೇ ಮೊದಲು ಹೇಳಲಿ. ನೆಲದ ಒಡೆಯರಾದ ದೇವರು ನಿಮ್ಮ ಹೆಜ್ಜೆಗಳನ್ನು ಆಶೀರ್ವದಿಸಲಿ.